ಯೇಸುವಿನ ನಗೆ: ಸುವಾರ್ತೆಗಳಲ್ಲಿ ಹಾಸ್ಯರಸದ ವಿಚಾರ

ಕನ್ನಡ ಸಾಹಿತ್ಯದಲ್ಲಿ ಯೇಸುಕ್ರಿಸ್ತನ ಮೂರ್ತಿಯು ಬಹುಮಟ್ಟಿಗೆ ಶೋಕದ ಮೂರ್ತಿಯಾಗಿದೆ. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ‘ಗೊಲ್ಗೊಥಾ’ ಕಾವ್ಯಕ್ಕೆ ವಸ್ತುವಾಗಿ ಆರಿಸಿಕೊಂಡುದು ಆತನ ಕೊನೆಯ ದಿನವನ್ನು. ಆ ಕಾವ್ಯದಿಂದ ಯೇಸುವನ್ನು ಅರಿತ ಕನ್ನಡಿಗನ ಮನಸ್ಸಿನಲ್ಲಿ ಆತನು ಕರುಣರಸದ ನಾಯಕನಾಗಿಯೇ ನೆಲೆಸಿರುವುದು ಸಹಜ. ಆದರೆ ಆ ಒಂದು ದಿನದ ಹಿಂದೆ ಮೂವತ್ತು ವರ್ಷಗಳಿಗೆ ಮೇಲ್ಪಟ್ಟ ಬಾಳು ಇದ್ದಿತು. ಅದರಲ್ಲಿ ಬೆಸ್ತರೊಡನೆ ತಿರುಗಾಟವೂ ಮದುವೆಯ ಮನೆಯ ಊಟವೂ ಮಕ್ಕಳ ಸಹವಾಸವೂ ಇದ್ದುವು. ಆ ಬಾಳಿನಲ್ಲಿ ನಗೆಗೆ ಎಡೆಯಿದ್ದಿತೇ, ಅಥವಾ ಆತನು ಸದಾ ಗಂಭೀರನಾಗಿಯೇ ಇದ್ದನೇ? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಇದಕ್ಕೆ ದೊರೆಯುವ ಉತ್ತರವನ್ನು ಅನುಸರಿಸಿ ಆತನ ಎಷ್ಟೋ ಮಾತುಗಳ ಅರ್ಥವೇ ಬೇರೆಯಾಗುತ್ತದೆ.

ಮೊದಲು ಗ್ರಂಥಾಧಾರವನ್ನು ನೋಡಬೇಕು. ಲಾಜರನ ಸಮಾಧಿಯ ಬಳಿ ಯೇಸು ಅತ್ತನೆಂದು ಯೋಹಾನನೂ, ಯೆರೂಸಲೇಮಿನ ಪಟ್ಟಣವನ್ನು ಕಂಡು ಅತ್ತನೆಂದು ಲೂಕನೂ ಹೇಳಿರುವರು. ಆತನು ನಕ್ಕನೆಂದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಯಾಯೀರನ ಮಗಳು ಸತ್ತಿಲ್ಲ, ನಿದ್ರೆ ಮಾಡುತ್ತಾಳೆ ಎಂದಾಗ ನೆರೆದವರು ಆತನನ್ನು ನೋಡಿ ನಕ್ಕರೆಂದು ಮಾತ್ರ ಮೂವರು ಸುವಾರ್ತಿಕರು ಬರೆದಿದ್ದಾರೆ. ಈ ಮೌನದ ಮೇಲೆಯೇ ಒಂದು ಪ್ರಾಚೀನ ಸಂಪ್ರದಾಯವು ನಿಂತಿತು. ಕ್ರಿ.ಶ. ೪೦೭ರಲ್ಲಿ ಮಡಿದ ಯೋಹಾನ ಕ್ರಿಸೊಸ್ತೊಮನು ಮತ್ತಾಯನ ಸುವಾರ್ತೆಯ ಮೇಲಣ ಉಪನ್ಯಾಸವೊಂದರಲ್ಲಿ, ಕ್ರಿಸ್ತನು ಅತ್ತುದನ್ನು ಕಾಣಬಹುದು, ನಕ್ಕುದನ್ನು ಕಾಣಲಾಗದು ಎಂಬ ಅಭಿಪ್ರಾಯವನ್ನು ಹೇಳಿ, ಕೇಳುವವರನ್ನು ನಗೆಯಿಂದ ದೂರವಿರಲು ಎಚ್ಚರಿಸಿದನು. ಲೆಂಟುಲಸ್ ಎಂಬ ರೋಮನ್ ಅಧಿಕಾರಿಯ ಹೆಸರಿನಲ್ಲಿ ಯೂರೋಪಿನಲ್ಲಿ ಹರಡಿದ ಪತ್ರವೊಂದು ಇದನ್ನೇ ಕಣ್ಣಾರೆ ಕಂಡ ಸಾಕ್ಷಿಯಂತೆ ನುಡಿಯಿತು. ಆ ಪತ್ರವು ಮಧ್ಯಯುಗದ ಕೂಟರಚನೆಯೆಂಬುದು ಈಗ ನಿರ್ವಿವಾದವಾದರೂ ಅದು ರೂಪಿಸಿದ ಚಿತ್ರವು ಅಳಿದಿಲ್ಲ.

ಮಧ್ಯಯುಗದ ಪಂಡಿತರಲ್ಲಿಯೇ ಇದಕ್ಕೆ ಪ್ರತಿವಾದವೂ ಹುಟ್ಟಿತು. ಪ್ರಾಣಿಗಳಲ್ಲಿ ನಗಬಲ್ಲವನು ಮನುಷ್ಯನೊಬ್ಬನೇ ಎಂದು ಅರಿಸ್ಟಾಟಲನು ಹೇಳಿದ್ದನು. ಯೇಸು ಪೂರ್ಣ ಮನುಷ್ಯನೂ ಆಗಿದ್ದನೆಂದು ಒಪ್ಪಿದ ಮೇಲೆ ನಗುವ ಶಕ್ತಿಯು ಆತನಿಗೆ ಇದ್ದಿತೆಂದು ಒಪ್ಪಲೇಬೇಕಾಗುತ್ತದೆ. ಆದರೆ ಶಕ್ತಿಯಿದ್ದುದರಿಂದ ಪ್ರವೃತ್ತಿಯಿದ್ದಿತೆಂದು ಸಿದ್ಧವಾಗದು. ಬರೆಯದೆ ಬಿಟ್ಟುದರಿಂದ ನಡೆಯಲಿಲ್ಲವೆಂದೂ ಸಿದ್ಧವಾಗದು. ಹೀಗೆ ವಾದವು ಎರಡು ಕಡೆಯೂ ನಿಂತುಹೋಗಲು ಕಾರಣವೇನೆಂದರೆ, ಎರಡು ಬೇರೆಬೇರೆ ಪ್ರಶ್ನೆಗಳನ್ನು ಒಂದೆಂದು ಭಾವಿಸಿದುದು.

ಈ ಎರಡನ್ನು ಬೇರ್ಪಡಿಸುವ ಸಾಧನವು ಭಾರತೀಯ ಕಾವ್ಯಮೀಮಾಂಸೆಯಲ್ಲಿ ಸಿದ್ಧವಾಗಿಯೇ ಇದೆ. ಭರತನು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಭಾಗಿಸುತ್ತಾನೆ. ತಾನು ನಗುವುದು ಆತ್ಮಸ್ಥ; ಇತರರನ್ನು ನಗಿಸುವುದು ಪರಸ್ಥ. ಇದಲ್ಲದೆ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂಬ ಆರು ಭೇದಗಳನ್ನು ಹೇಳಿ, ಮೊದಲೆರಡನ್ನು ಉತ್ತಮಪ್ರಕೃತಿಯವರಿಗೂ ನಡುವಣ ಎರಡನ್ನು ಮಧ್ಯಮರಿಗೂ ಕಡೆಯ ಎರಡನ್ನು ಅಧಮರಿಗೂ ವಿಧಿಸುತ್ತಾನೆ. ನಗೆ ಮತ್ತು ಗಾಂಭೀರ್ಯ ಒಂದಕ್ಕೊಂದು ವಿರುದ್ಧವೆಂಬ ಎಣಿಕೆಯು ಈ ಶಾಸ್ತ್ರಕ್ಕೆ ಇಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರೂ ೧೯೪೩ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದ ಪ್ರಸಿದ್ಧ ಪದ್ಯವೊಂದರಲ್ಲಿ, ತಾನು ನಗುವುದನ್ನೂ ಪರರನ್ನು ನಗಿಸುವುದನ್ನೂ ಪ್ರತ್ಯೇಕವಾದ ಧರ್ಮಗಳೆಂದೇ ಎಣಿಸಿದ್ದಾರೆ. ಈ ವಿಭಾಗವನ್ನು ಅನುಸರಿಸಿದರೆ ಕ್ರಿಸೊಸ್ತೊಮನು ಎತ್ತಿದ್ದು ಆತ್ಮಸ್ಥ ಹಾಸ್ಯದ ಪ್ರಶ್ನೆ. ಅದಕ್ಕೆ ಸುವಾರ್ತೆಗಳು ಉತ್ತರ ಕೊಡುವುದಿಲ್ಲ. ಯೇಸು ಇತರರನ್ನು ನಗಿಸಿದನೇ ಎಂಬ ಪರಸ್ಥದ ಪ್ರಶ್ನೆಗಾದರೋ ಅವುಗಳಲ್ಲಿ ಉತ್ತರವು ಹೇರಳವಾಗಿದೆ.

ಒಂದೆರಡು ಉದಾಹರಣೆಗಳನ್ನು ಪರಿಶೀಲಿಸಬಹುದು. ತನ್ನ ಕಣ್ಣಿನಲ್ಲಿ ತೊಲೆಯನ್ನಿಟ್ಟುಕೊಂಡು ನೆರೆಯವನ ಕಣ್ಣಿನ ರವೆಯನ್ನು ತೆಗೆಯಹೊರಟವನ ಚಿತ್ರವು ಮತ್ತಾಯನ ಏಳನೆಯ ಅಧ್ಯಾಯದಲ್ಲಿದೆ. ತೊಲೆಯೆಂದರೆ ಮಾಳಿಗೆಯ ಭಾರವನ್ನು ಹೊರುವ ಮರ. ಅದನ್ನು ಕಣ್ಣಿನಲ್ಲಿ ಹೊತ್ತವನು ನೆರೆಯವನ ಮುಖದ ಹತ್ತಿರ ಬಾಗಿದರೆ ಏನಾದೀತೆಂಬುದನ್ನು ಕಲ್ಪಿಸಿಕೊಂಡವನು ನಗದಿರಲಾರನು. ‘ಕ್ರಿಸ್ತನ ಹಾಸ್ಯ’ವೆಂಬ ವಿಷಯದ ಮೇಲೆ ೧೯೬೪ರಲ್ಲಿ ಗ್ರಂಥವನ್ನು ಪ್ರಕಟಿಸಿದ ಅಮೆರಿಕದ ಎಲ್ಟನ್ ಟ್ರೂಬ್ಲಡ್ ಎಂಬ ವಿದ್ವಾಂಸನಿಗೆ ಆ ವಿಚಾರದ ಕಡೆ ಮೊದಲು ಗಮನ ಹರಿದುದು ಮನೆಯಲ್ಲಿ ಈ ಭಾಗವನ್ನು ಓದುತ್ತಿದ್ದಾಗ ನಾಲ್ಕು ವರ್ಷದ ಮಗನು ನಕ್ಕುದರಿಂದ. ಹಿರಿಯರು ರೂಢಿಯಿಂದ ಗಂಭೀರವಾಗಿ ಕೇಳಿದ ಮಾತನ್ನು ಮಗುವು ಇದ್ದಂತೆಯೇ ಕೇಳಿತು.

ಸೂಜಿಯ ಕಣ್ಣು ಮತ್ತು ಒಂಟೆಯ ಮಾತೂ ಇಂತಹದೇ. ಕೆಲವು ವ್ಯಾಖ್ಯಾನಕಾರರು ಇದನ್ನು ಸಹಿಸಲಾರದೆ, ಸೂಜಿಯ ಕಣ್ಣೆಂಬುದು ಯೆರೂಸಲೇಮಿನ ಕಿರುಬಾಗಿಲಿನ ಹೆಸರೆಂದು ಹೇಳಿದರು. ಅಂತಹ ಬಾಗಿಲಿಗೆ ಪ್ರಾಚೀನ ಆಧಾರವಿಲ್ಲ. ಬಾಬಿಲೋನಿನ ಯೆಹೂದ್ಯರ ತಾಲ್ಮೂದ್ ಗ್ರಂಥದಲ್ಲಿ ಆನೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವ ಮಾತು ಬರುವುದರಿಂದ, ಆಯಾ ನಾಡಿನ ಜನ ತಾವು ಬಲ್ಲ ದೊಡ್ಡ ಪ್ರಾಣಿಯನ್ನು ಹಿಡಿದು ಅಸಂಭವವನ್ನು ಸೂಚಿಸುತ್ತಿದ್ದರೆಂಬುದು ಸ್ಪಷ್ಟ. ಅತಿಶಯೋಕ್ತಿಯು ಇಲ್ಲಿ ದೋಷವಲ್ಲ, ಮಾತಿನ ಜೀವವೇ ಅದು. ನ್ಯಾಯಕ್ಕಾಗಿ ಪೀಡಿಸುವ ವಿಧವೆಯ ಕಥೆಯಲ್ಲಿ ದೇವರಿಗೂ ಮನುಷ್ಯರಿಗೂ ಅಂಜದ ನ್ಯಾಯಾಧಿಪತಿಯು ಕೊನೆಗೆ ಆ ವಿಧವೆಗೆ ಅಂಜುತ್ತಾನೆ. ಲೂಕನು ಬಳಸಿರುವ ಗ್ರೀಕ್ ಶಬ್ದದ ಮೂಲಾರ್ಥವು ಕಣ್ಣಿನ ಕೆಳಗೆ ಗುದ್ದುವುದೆಂದು.

ಇಂತಹ ನುಡಿಗಟ್ಟು ಯಾವ ನೆಲದಲ್ಲಿ ಬೆಳೆಯಿತೆಂಬುದೂ ವಿಚಾರಾರ್ಹ. ಗಲಿಲಾಯವು ಅನ್ಯಜನರ ನಡುವೆ ಬೆರೆತ ಗಡಿಸೀಮೆ. ಅಲ್ಲಿಯವರ ಉಚ್ಚಾರಣೆಯೇ ಬೇರೆ. ಮಹಾಯಾಜಕನ ಅಂಗಳದಲ್ಲಿ ಪೇತ್ರನನ್ನು ಗುರುತು ಹಿಡಿಸಿದುದು ಅವನ ಮಾತಿನ ರೀತಿ. ಕೆಲವು ಶತಮಾನಗಳ ತರುವಾಯ ಸಂಕಲಿತವಾದ ತಾಲ್ಮೂದಿನಲ್ಲಿ, ಗಲಿಲಾಯದವನೊಬ್ಬನು ‘ಅಮರ್’ ಎಂದು ಕೂಗಿಕೊಂಡು ಹೋಗಲು, ‘ಏರುವ ಕತ್ತೆಯೋ, ಕುಡಿಯುವ ದ್ರಾಕ್ಷಾರಸವೋ, ಉಡುವ ಉಣ್ಣೆಯೋ, ಕುರಿಮರಿಯೋ?’ ಎಂದು ಕೇಳಿದವರು ಪರಿಹಾಸ ಮಾಡಿದ ಪ್ರಸಂಗವಿದೆ. ಎರಡು ಭಾಷೆಗಳ ಸೀಮೆಯಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಂಧ್ರದ ಗಡಿಗೆ ಹತ್ತಿದ ಶ್ರೀನಿವಾಸಪುರ ತಾಲೂಕಿನ ರಾಯಲ್ಪಾಡಿನಂತಹ ಊರಿನಲ್ಲಿ ಕನ್ನಡ ತೆಲುಗುಗಳೆರಡೂ ನಾಲಗೆಯ ಮೇಲೆ ಇರುವುವು. ‘ಎದ್ದು’ ಎಂಬುದು ಕನ್ನಡದಲ್ಲಿ ಏಳುವ ಕ್ರಿಯೆ, ತೆಲುಗಿನಲ್ಲಿ ಎತ್ತು. ಒಂದೇ ದನಿಯು ಎರಡು ಅರ್ಥಗಳನ್ನು ಹೊತ್ತು ಬರುವಲ್ಲಿ ನಗೆಯು ತಾನಾಗಿ ಹುಟ್ಟುತ್ತದೆ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವ ಫರಿಸಾಯರ ಮಾತಿನಲ್ಲಿಯೂ ಇಂತಹ ಶಬ್ದಚಮತ್ಕಾರವಿದೆಯೆಂದು ವಿದ್ವಾಂಸರು ತೋರಿಸಿದ್ದಾರೆ: ಅರಮಾಯಿಕ ಭಾಷೆಯಲ್ಲಿ ಕ್ರಿಮಿಯು ‘ಕಲ್ಮಾ’, ಒಂಟೆಯು ‘ಗಮ್ಲಾ’. ಮುಳ್ಳುಗಿಡದಲ್ಲಿ ದ್ರಾಕ್ಷಿಯನ್ನು ಕೀಳುವರೇ ಎಂಬ ಆತನ ಪ್ರಶ್ನೆಯನ್ನು ಮಾವಿಗೆ ಹೆಸರಾದ ಶ್ರೀನಿವಾಸಪುರದ ಸೀಮೆಯಲ್ಲಿ ಕೇಳಬೇಕಾದರೆ, ಜಾಲಿಯ ಮರದಲ್ಲಿ ಮಾವಿನಹಣ್ಣು ಹುಡುಕುವರೇ ಎಂದು ಕೇಳಬೇಕಾದೀತು. ರೈತನು ಇದಕ್ಕೆ ಉತ್ತರ ಹೇಳುವುದಿಲ್ಲ, ನಗುತ್ತಾನೆ. ಆ ನಗೆಯೇ ಉತ್ತರ.

ಹೀಗಿದ್ದರೂ ಕನ್ನಡದ ಓದುಗನಿಗೆ ಈ ಹಾಸ್ಯವು ಕೇಳಿಬಾರದಿರುವುದೇಕೆ? ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಇವರ ಶ್ರಮದಿಂದ ೧೮೩೧ರ ವೇಳೆಗೆ ಇಡೀ ಬೈಬಲು ಕನ್ನಡಕ್ಕೆ ಬಂದಿತು. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲ್ಲರು ೧೮೬೨ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ತಂದರು. ದೋಷವನ್ನು ಭಾಷಾಂತರಕಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ‘ತೊಲೆ’, ‘ರವೆ’ ಎಂಬ ಮನೆಮಾತುಗಳನ್ನು ಕನ್ನಡ ಬೈಬಲು ಉಳಿಸಿಕೊಂಡಿದೆ. ಮರೆಯಾದುದು ಶಬ್ದವಲ್ಲ, ಶಬ್ದವನ್ನು ಕೇಳುವ ಕಿವಿ. ದೇವಾಲಯದಲ್ಲಿ ನಿಂತು ಓದುವ ಗ್ರಂಥದ ಸ್ವರವು ಸಂತೆಯಲ್ಲಿ ನಿಂತು ಆಡಿದ ಮಾತಿನ ಸ್ವರವನ್ನು ಮುಚ್ಚಿತು.

ಆ ಕಿವಿಯು ಕನ್ನಡಿಗನಿಗೆ ಹೊಸದಲ್ಲವೆಂಬುದೇ ಇಲ್ಲಿ ಮುಖ್ಯವಾದ ಮಾತು. ಶಿವಶರಣರ ವಚನಗಳಲ್ಲಿ ಡಾಂಭಿಕಭಕ್ತಿಯ ವಿಡಂಬನೆ ಎಷ್ಟು ತೀಕ್ಷ್ಣವಾಗಿದೆಯೆಂಬುದು ಸರ್ವವಿದಿತ. ಮುಳಬಾಗಿಲಿನ ಶ್ರೀಪಾದರಾಜರಿಂದ ಹದಿನೈದನೆಯ ಶತಮಾನದಲ್ಲಿ ಬಲಗೊಂಡ ದಾಸಸಾಹಿತ್ಯದಲ್ಲಿ, ಹೊಟ್ಟೆಪಾಡಿನ ವೈರಾಗ್ಯವನ್ನು ಪುರಂದರದಾಸರು ನಗೆಗೆ ಗುರಿಮಾಡಿದರು. ದೇವರನ್ನೇ ಪರಿಹಾಸ ಮಾಡುವ ನಿಂದಾಸ್ತುತಿಯೂ ಅಲ್ಲಿ ಭಕ್ತಿಯ ಒಂದು ಮಾರ್ಗ. ಇವರನ್ನು ಹಾಸ್ಯಗಾರರೆಂದು ಯಾರೂ ಕರೆದಿಲ್ಲ, ಇವರ ನಗೆಯಿಂದ ಇವರ ಭಕ್ತಿಗೆ ಕುಂದೆಂದು ಯಾರೂ ಭಾವಿಸಿಲ್ಲ. ಬೈಬಲಿನ ಕೆಲಸದಲ್ಲಿ ತೊಡಗಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರೇ ೧೮೫೦ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಮಾಡಿಸಿದರು. ಆ ಎರಡು ಗ್ರಂಥಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಫರಿಸಾಯನ ತೊಲೆಯೂ ಡಾಂಭಿಕನ ಮಡಿಯೂ ಒಂದೇ ಬಗೆಯ ನಗೆಗೆ ವಸ್ತುಗಳಾಗಿರುವುದು ತಿಳಿಯುತ್ತದೆ.

ಆದರೆ ಈ ವಾದವನ್ನು ಮಿತಿಮೀರಿ ಬೆಳೆಸಬಾರದು. ಒಂಟೆಯ ಮಾತನ್ನು ಯೇಸು ಆಡಿದುದು, ಆಸ್ತಿಯನ್ನು ಬಿಡಲಾರದೆ ಧನಿಕನೊಬ್ಬನು ದುಃಖದಿಂದ ಹೊರಟುಹೋದ ಮೇಲೆ. ಅದನ್ನು ಕೇಳಿದ ಶಿಷ್ಯರು ನಗಲಿಲ್ಲ, ಬೆರಗಾದರೆಂದು ಮಾರ್ಕನು ಹೇಳುತ್ತಾನೆ. ಇಲ್ಲಿ ಹಾಸ್ಯವು ಅಂಗವಾಗಿ ಬಂದು ಅದ್ಭುತಕ್ಕೂ ಕರುಣಕ್ಕೂ ದಾರಿಕೊಡುತ್ತದೆ. ಸುರೋಪೊಯಿನಿಕೆಯ ಹೆಂಗಸಿನ ಪ್ರಸಂಗವು ಇನ್ನೂ ಸೂಕ್ಷ್ಮವಾದುದು. ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕಬಾರದೆಂಬ ಆತನ ಮಾತು ಕಠಿನವಾಗಿದೆ. ಅವಳು ಅದೇ ರೂಪಕವನ್ನು ಹಿಡಿದು, ಮೇಜಿನ ಕೆಳಗಿನ ನಾಯಿಗಳು ಮಕ್ಕಳ ಕೈಯಿಂದ ಬಿದ್ದ ತುಣುಕುಗಳನ್ನು ತಿನ್ನುವುದಿಲ್ಲವೇ ಎಂದು ತಿರುಗಿಸುತ್ತಾಳೆ. ಆ ಮಾತಿಗಾಗಿಯೇ ಅವಳ ಮಗಳು ಗುಣವಾದಳೆಂದು ಸುವಾರ್ತೆಯು ಸ್ಪಷ್ಟವಾಗಿ ಹೇಳುತ್ತದೆ. ವಾದದಲ್ಲಿ ಯಾವ ಶಾಸ್ತ್ರಿಗೂ ಸೋಲದವನು ಅನ್ಯಜಾತಿಯ ಒಬ್ಬ ತಾಯಿಯ ಚತುರೋಕ್ತಿಗೆ ಒಪ್ಪಿದನು. ತನ್ನ ಮಾತಿಗೆ ಎದುರುಮಾತನ್ನು ಕೇಳಿ ಸಂತೋಷಪಡಬಲ್ಲವನು ಹಾಸ್ಯಶೂನ್ಯನಾಗಿರಲಾರನು.

ಇವನ್ನೆಲ್ಲ ಒಟ್ಟುಗೂಡಿಸಿದರೆ ಒಂದು ನಿಯಮವು ತೋರುತ್ತದೆ. ಯೇಸು ಎಬ್ಬಿಸಿದ ನಗೆಯು ಬಲವುಳ್ಳವರ, ಧನಿಕರ, ಧರ್ಮದ ಹೆಮ್ಮೆಯುಳ್ಳವರ ಕಡೆ ತಿರುಗಿದೆ. ಕುಷ್ಠರೋಗಿ, ವಿಧವೆ, ಕೂಸು ಇವರ ಕಡೆ ಎಂದೂ ತಿರುಗಿಲ್ಲ. ಆತನ ವಿಷಯದಲ್ಲಿ ಇತರರು ನಕ್ಕ ನಗೆಯಾದರೋ ಇದಕ್ಕೆ ವಿರುದ್ಧವಾದುದು. ಸೈನಿಕರು ಆತನಿಗೆ ಧೂಮ್ರವರ್ಣದ ಬಟ್ಟೆಯನ್ನು ಹೊದಿಸಿ, ಮುಳ್ಳಿನ ಕಿರೀಟವನ್ನಿಟ್ಟು, ಮೊಣಕಾಲೂರಿ ವಂದಿಸಿ ನಕ್ಕುದು ಭರತನು ಅಧಮರಿಗೆ ಹೇಳಿದ ನಗೆ. ಹಾಸ್ಯವೆಂಬುದು ಎಷ್ಟು ಎತ್ತರಕ್ಕೆ ಏರಬಲ್ಲುದೋ ಎಷ್ಟು ಕೆಳಗೆ ಇಳಿಯಬಲ್ಲುದೋ ಎರಡನ್ನೂ ಒಂದೇ ಚರಿತ್ರೆಯು ತೋರಿಸುತ್ತದೆ.

ಆದುದರಿಂದ ಯೇಸು ನಗುವವನೋ ಗಂಭೀರನೋ ಎಂದು ಎರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಆತನು ನಕ್ಕನೋ ಇಲ್ಲವೋ ಗ್ರಂಥವು ಹೇಳುವುದಿಲ್ಲ. ನಗಿಸಿದನೆಂದು ಆತನ ಮಾತುಗಳೇ ಹೇಳುತ್ತವೆ. ಗೊಲ್ಗೊಥಾದ ಶೋಕವು ಇದರಿಂದ ತಗ್ಗುವುದಿಲ್ಲ. ಮದುವೆಯ ಮನೆಯಲ್ಲಿ ಉಂಡು, ಸಂತೆಯಲ್ಲಿ ಮಕ್ಕಳ ಆಟವನ್ನು ನೋಡಿ, ಕೇಳಿದವರ ಮುಖದಲ್ಲಿ ನಗೆಯನ್ನು ಅರಳಿಸಿದ ಒಬ್ಬನು ಆ ಗುಡ್ಡವನ್ನು ಏರಿದನೆಂದು ತಿಳಿದಾಗಲೇ ಅಲ್ಲಿ ಕಳೆದುಹೋದುದು ಏನೆಂಬುದು ಓದುಗನಿಗೆ ಗೊತ್ತಾಗುವುದು.