ವೈದ್ಯರಿಗೂ ಬೇಕು ಗ್ರಂಥಪಾಲಕ

ಘಟ್ಟದ ಮೇಲೆ ಮಂಗಗಳು ಸತ್ತು ಬಿದ್ದಿವೆ ಎಂಬ ಸುದ್ದಿ ಬಂದರೆ ಬೈಂದೂರು, ಕುಂದಾಪುರ ಕಡೆಯ ಕಾಡಂಚಿನ ಊರುಗಳಲ್ಲಿ ಆತಂಕ ಶುರುವಾಗುತ್ತದೆ. ಸೊಪ್ಪು, ದರಲೆ ತರಲು ಹಾಡಿಗೆ ಹೋದವರಿಗೆ ಜ್ವರ ಬಂದರೆ ಅವರನ್ನು ಮೊದಲು ನೋಡುವವರು ಊರಿನ ಡಾಕ್ಟರೇ. ಇದು ಇಲಿಜ್ವರವೋ, ಡೆಂಗಿಯೋ, ಮಂಗನ ಕಾಯಿಲೆಯೋ? ಇಪ್ಪತ್ತು ವರ್ಷಗಳ ಹಿಂದೆ ಕಾಲೇಜಿನಲ್ಲಿ ಓದಿದ್ದಷ್ಟೇ ಆಗ ಸಾಲದು. ಬೇರೆಯವರು ಕಂಡು ಬರೆದದ್ದು ಕೈಗೆ ಸಿಗಬೇಕು. ಅದನ್ನು ಕಾಪಾಡಿ, ಹುಡುಕಿ ಕೊಡುವುದೇ ವೈದ್ಯಕೀಯ ಗ್ರಂಥಾಲಯದ ಕೆಲಸ.

ಮಂಗನ ಕಾಯಿಲೆಯ ಕಥೆಯನ್ನೇ ನೋಡಬಹುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದನ್ನು ಗುರುತಿಸಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳಿನ ಉರಿಯೂತದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ ಎಂಬುದು ತಿಳಿಯಿತು. ದೂರದ ದೇಶದವರು ಮೊದಲೇ ಬರೆದಿಟ್ಟಿರದಿದ್ದರೆ ಈ ನೆಂಟಸ್ತಿಕೆ ಹೊಳೆಯುವುದು ಹೇಗೆ? ಡಾ. ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರ ಮೊದಲ ವರದಿಗಳು ಅದೇ ವರ್ಷ ಭಾರತದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದವು. 1982-83ರಲ್ಲಿ ರೋಗ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡು ಹಲವರ ಜೀವ ತೆಗೆಯಿತು. ಆ ವೇಳೆಗೆ ಆ ಸಂಚಿಕೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಅಂತರ್ಜಾಲವಿಲ್ಲದ ಕಾಲ. ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸಿ, ಗೆದ್ದಲು ಹತ್ತದಂತೆ ಕಾಯ್ದಿಟ್ಟ ಕಡೆ ಮಾತ್ರ ಅದು ಸಿಗುವಂತಿತ್ತು.

ಇಟ್ಟರೆ ಸಾಲದು, ಯಾವುದು ಎಲ್ಲಿದೆಯೆಂದು ತಿಳಿಯಬೇಕು. ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಆರಂಭಿಸಿದ ‘ಇಂಡೆಕ್ಸ್ ಮೆಡಿಕಸ್’ ವೈದ್ಯ ಲೇಖನಗಳನ್ನು ವಿಷಯವಾರು ಪಟ್ಟಿ ಮಾಡಿತು. ಆದರೆ ಪಟ್ಟಿಯಲ್ಲಿದ್ದುದನ್ನೆಲ್ಲ ಕೊಳ್ಳುವಷ್ಟು ದುಡ್ಡು ಯಾವ ಗ್ರಂಥಾಲಯದ ಬಳಿಯೂ ಇರಲಿಲ್ಲ. ಸಂಘ ಹುಟ್ಟಿದ್ದು ಇಲ್ಲಿಯೇ. 1898ರಲ್ಲಿ ಫಿಲಡೆಲ್ಫಿಯಾದಲ್ಲಿ ನಾಲ್ವರು ಗ್ರಂಥಪಾಲಕರು, ನಾಲ್ವರು ವೈದ್ಯರು ಸೇರಿ ವೈದ್ಯಕೀಯ ಗ್ರಂಥಪಾಲಕರ ಸಂಘ ಕಟ್ಟಿದರು. ಅವರ ಮುಖ್ಯ ಕೆಲಸ ಬಹಳ ಸರಳ: ಒಬ್ಬರಲ್ಲಿ ಎರಡೆರಡು ಪ್ರತಿಯಿರುವ ಪತ್ರಿಕೆಯನ್ನು ಇಲ್ಲದವರಿಗೆ ಕಳುಹಿಸುವುದು. ನೆರೆಮನೆಗೆ ಮೆಣಸು ಕೊಟ್ಟು ತೆಂಗಿನಕಾಯಿ ತಂದಂತೆ! ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಈ ಸಂಘದ ಅಧ್ಯಕ್ಷರೂ ಆಗಿದ್ದರು.

ಭಾರತದಲ್ಲಿ ಇಂಥ ಸಂಘ ರೂಪುಗೊಂಡಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಕರ್ನಾಟಕದಲ್ಲಿ ಕೊಡುಕೊಳ್ಳುವ ಈ ಪದ್ಧತಿಗೆ ಹೊಸ ರೂಪ ಬಂದಿದ್ದು 2003ರಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ‘ಹೆಲಿನೆಟ್’ ಹೆಸರಿನಲ್ಲಿ ತನ್ನ ಕಾಲೇಜುಗಳನ್ನು ಒಟ್ಟುಗೂಡಿಸಿ, ಗಣಕದ ಮೂಲಕ ಓದುವ ವಿದೇಶಿ ಪತ್ರಿಕೆಗಳಿಗೆ ಒಟ್ಟಾಗಿ ಚಂದಾ ಕಟ್ಟತೊಡಗಿತು. ಒಂದೊಂದೇ ಕಾಲೇಜಿನ ಕೈಗೆಟುಕದ ಪತ್ರಿಕೆ ಹಂಚಿಕೊಂಡಾಗ ಎಟುಕಿತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದ ಮಣಿಪಾಲ, 1993ರಲ್ಲಿ ಸ್ವಾಯತ್ತ ವಿಶ್ವವಿದ್ಯಾಲಯದ ಸ್ಥಾನ ಪಡೆದದ್ದರಿಂದ ತನ್ನ ಆರೋಗ್ಯ ವಿಜ್ಞಾನ ಗ್ರಂಥಾಲಯವನ್ನು ಪ್ರತ್ಯೇಕವಾಗಿಯೇ ಬೆಳೆಸಿತು. ಬ್ರಹ್ಮಾವರದವರಿಗೆ ಅದು ಉಡುಪಿ ದಾಟಿದರೆ ಸಿಗುವ ಊರು.

ಹಾಗಿದ್ದರೂ ಕಾಲೇಜಿನ ಹೊರಗಿರುವ ವೈದ್ಯರ ಪಾಡೇನು? ಇಂಡೆಕ್ಸ್ ಮೆಡಿಕಸ್‌ನ ಗಣಕ ರೂಪ 1997ರಲ್ಲಿ ‘ಪಬ್‌ಮೆಡ್’ ಆಗಿ ಉಚಿತವಾಯಿತು. ಲೇಖನದ ಸಾರಾಂಶ ಬೈಂದೂರಿನಲ್ಲೂ ಮೊಬೈಲಿನಲ್ಲಿ ಕಾಣುತ್ತದೆ. ಪೂರ್ತಿ ಲೇಖನಕ್ಕೆ ಹಲವು ಸಲ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತಾರೆ. ಕೇಂದ್ರ ಸರ್ಕಾರ 3 ವರ್ಷಕ್ಕೆ 6,000 ಕೋಟಿ ರೂಪಾಯಿಯ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯನ್ನು 2025ರ ಜನವರಿಯಲ್ಲಿ ಆರಂಭಿಸಿತು. ಅದು ರೂಪುಗೊಂಡದ್ದು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗಾಗಿ. ಜ್ವರ ಬಂದವರು ಮೊದಲು ಬಾಗಿಲು ತಟ್ಟುವ ಊರಿನ ಖಾಸಗಿ ಕ್ಲಿನಿಕ್ಕು ಆ ಪಟ್ಟಿಯಲ್ಲಿಲ್ಲ. ಅಲ್ಲಿನ ವೈದ್ಯರು ಈಗಲೂ ಮಣಿಪಾಲದಲ್ಲೋ ಮಂಗಳೂರಿನಲ್ಲೋ ಇರುವ ಹಳೆಯ ಸಹಪಾಠಿಗೆ ಫೋನು ಮಾಡಿ, ‘ಆ ಲೇಖನವೊಂದು ಕಳುಹಿಸು ಮಾರಾಯ’ ಎನ್ನಬೇಕಾಗುತ್ತದೆ.