ಪಾಲಕರ ಸಭೆ: ಕರೆಯುವ ರೀತಿ, ನಡೆಸುವ ನೀತಿ

ಶಾಲೆಯಿಂದ ಕರೆ ಬಂತೆಂದರೆ ಅನೇಕ ಮನೆಗಳಲ್ಲಿ ಇಂದಿಗೂ ಮೊದಲು ಮೂಡುವುದು ಆತಂಕ. ಮಗು ಏನು ತಪ್ಪು ಮಾಡಿತೋ, ಯಾವ ಹಣ ಕಟ್ಟಬೇಕೋ ಎಂಬ ಅಳುಕಿನಿಂದಲೇ ತಂದೆತಾಯಿ ಶಾಲೆಯ ಮೆಟ್ಟಿಲೇರುತ್ತಾರೆ. ಪಾಲಕರ ಸಭೆ ದೂರು ಹೇಳುವ ಅಥವಾ ವಂತಿಗೆ ಕೇಳುವ ವೇದಿಕೆಯಲ್ಲ, ಮಗುವಿನ ಕಲಿಕೆಯನ್ನು ತಿಳಿಯುವ ಹಾಗೂ ಪ್ರಶ್ನಿಸುವ ಹಕ್ಕಿನ ಸ್ಥಳ. ದಿನಗೂಲಿ ಬಿಟ್ಟು ಬರಬೇಕಾದ, ಅಕ್ಷರ ಬಾರದ, ನಾಲ್ಕು ಜನರೆದುರು ಮಾತನಾಡಲು ಹಿಂಜರಿಯುವ ಪಾಲಕರನ್ನು ಗಮನದಲ್ಲಿಟ್ಟು ಏರ್ಪಡಿಸಿದ ಸಭೆ ಉಳಿದೆಲ್ಲರಿಗೂ ಅನುಕೂಲವಾಗುತ್ತದೆ. ಅವರನ್ನು ಮರೆತ ಸಭೆಗೆ ಎಷ್ಟೇ ಜನ ಸೇರಿದರೂ ಅದು ಅಪೂರ್ಣವೇ.

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ರನ್ನ ಬೆಳಗಲಿ ಈ ಮಾತಿಗೆ ತಕ್ಕ ನೆಲೆ. ಊರಿನ ಹೆಸರಿನಲ್ಲೇ ಇರುವ ಹತ್ತನೆಯ ಶತಮಾನದ ಕವಿ ರನ್ನ ಬಳೆಗಾರರ ಮನೆತನದಲ್ಲಿ ಹುಟ್ಟಿ, ಅಜಿತಸೇನಾಚಾರ್ಯರಂಥ ಗುರುಗಳಲ್ಲಿ ವಿದ್ಯೆ ಕಲಿತು ಕವಿಚಕ್ರವರ್ತಿ ಎನಿಸಿದವನು. ದುಡಿಯುವ ಮನೆಯ ಮಗುವಿನ ವಿದ್ಯೆಗೆ ಮನೆ ಮತ್ತು ಗುರು ಎರಡೂ ಕಡೆಯ ಆಸರೆ ಬೇಕೆಂಬುದು ಅಂದಿಗೂ ಇಂದಿಗೂ ಒಂದೇ.

ಕಾನೂನು ಏನು ಹೇಳುತ್ತದೆ?

ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ ಕರ್ನಾಟಕ ಸರ್ಕಾರ 2001ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಜನರ ಬಾಯಲ್ಲಿರುವ ಎಸ್‌ಡಿಎಂಸಿಗಳನ್ನು, ರಚಿಸಿತು. 2006ರಲ್ಲಿ ಪಂಚಾಯತ್ ರಾಜ್ ಕಾಯ್ದೆಯಡಿ ಇವುಗಳಿಗೆ ಮಾದರಿ ಉಪವಿಧಿಗಳು ಬಂದವು.

2009ರಲ್ಲಿ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಶಾಲಾ ಸಮಿತಿಯ ಕನಿಷ್ಠ ನಾಲ್ಕನೇ ಮೂರು ಭಾಗ ಸದಸ್ಯರು ತಂದೆತಾಯಿ ಅಥವಾ ಪೋಷಕರೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಹಿಂದುಳಿದ ಹಾಗೂ ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಪ್ರಮಾಣಾನುಸಾರ ಸ್ಥಾನವಿರಬೇಕು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ. ಆದರೆ 24ನೆಯ ಕಲಮು ಶಿಕ್ಷಕರ ಕರ್ತವ್ಯಗಳ ಪಟ್ಟಿಯಲ್ಲೇ ಪಾಲಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದನ್ನೂ ಸೇರಿಸಿದೆ. ಸಭೆ ಕರೆಯುವುದು ಶಾಲೆ ತೋರುವ ಔದಾರ್ಯವಲ್ಲ ಎಂಬುದು ಇದರಿಂದ ಸ್ಪಷ್ಟ.

ಮೂರು ಸಭೆ, ಮೂರು ಉದ್ದೇಶ

ಸಮಿತಿಯ ಸಭೆ ಶಾಲೆಯ ಆಡಳಿತ, ಅನುದಾನದ ಬಳಕೆ ಮತ್ತು ಅಭಿವೃದ್ಧಿ ಯೋಜನೆಯ ಕುರಿತಾದದ್ದು. ಪಾಲಕರ ಸಾಮಾನ್ಯ ಸಭೆ ಎಲ್ಲರಿಗೂ ಸಂಬಂಧಿಸಿದ ವಿಷಯಗಳಿಗೆ ಮೀಸಲು. ಒಂದೊಂದು ಮಗುವಿನ ಪ್ರಗತಿಯನ್ನು ಕುರಿತ ಮಾತುಕತೆ ಶಿಕ್ಷಕರು ಮತ್ತು ಆ ಮನೆಯವರ ನಡುವೆ ನಡೆಯಬೇಕಾದದ್ದು. ಇವುಗಳನ್ನು ಬೆರೆಸಿದಾಗಲೇ ಗೊಂದಲ ಹುಟ್ಟುತ್ತದೆ. ಕಟ್ಟಡದ ಚರ್ಚೆಯಲ್ಲಿ ಕಲಿಕೆ ಮರೆಯಾಗುತ್ತದೆ, ಇಲ್ಲವೇ ಒಂದು ಮಗುವಿನ ಹಿನ್ನಡೆ ಊರಿಗೆಲ್ಲ ಸುದ್ದಿಯಾಗುತ್ತದೆ.

ದಿನ ಮತ್ತು ವೇಳೆ

ಮುಧೋಳ ಸೀಮೆ ಕಬ್ಬಿನ ನಾಡು. ಕಾರ್ಖಾನೆಗಳು ಕಬ್ಬು ನುರಿಸುವ ಚಳಿಗಾಲದ ತಿಂಗಳುಗಳಲ್ಲಿ ಕಟಾವಿನ ಕೆಲಸ ನಸುಕಿನಲ್ಲೇ ಆರಂಭವಾಗುತ್ತದೆ. ಅಂಥ ದಿನ ಬೆಳಗಿನ 11 ಗಂಟೆಗೆ ಸಭೆ ಕರೆದು, ಪಾಲಕರಿಗೆ ಆಸಕ್ತಿಯಿಲ್ಲ ಎಂದು ದೂರುವುದು ನ್ಯಾಯವಲ್ಲ. ಸಮೀಪದ ರಬಕವಿ-ಬನಹಟ್ಟಿಯ ನೇಕಾರನಿಗೂ ಮಗ್ಗ ನಿಂತಷ್ಟು ಹೊತ್ತು ಕೂಲಿ ಕಡಿತ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕಳ ಪಾಡೂ ಇದಕ್ಕಿಂತ ಭಿನ್ನವಲ್ಲ.

ಆದ್ದರಿಂದ ವರ್ಷಾರಂಭದಲ್ಲೇ ಪಾಲಕರನ್ನು ಕೇಳಿ ದಿನ ಗೊತ್ತುಮಾಡುವುದು ಒಳಿತು. ಹೊಲದ ಕೆಲಸಕ್ಕೆ ಬಿಡುವು ಕೊಡುವ ರೂಢಿಯಿರುವ ಊರುಗಳಲ್ಲಿ ಅಮಾವಾಸ್ಯೆ, ನಗರಗಳಲ್ಲಿ ವಾರದ ರಜೆ ಅಥವಾ ಸಂಜೆಯ ಹೊತ್ತು ಹೊಂದಬಹುದು. ಒಂದೇ ಸಭೆಗೆ ಬೆಳಿಗ್ಗೆ ಮತ್ತು ಸಂಜೆ ಎರಡು ವೇಳೆ ಇಟ್ಟರೆ ಇನ್ನೂ ಉತ್ತಮ. ಸಂತೆ, ಜಾತ್ರೆ, ಮದುವೆಯ ದಿನಗಳನ್ನು ಬಿಡಬೇಕು. ಸಭೆ ಒಂದು ಗಂಟೆಯೆಂದು ಹೇಳಿದ ಮೇಲೆ ಒಂದು ಗಂಟೆಯಲ್ಲೇ ಮುಗಿಯಬೇಕು.

ಕರೆಯುವ ಬಗೆ

ಮಗುವಿನ ಕೈಯಲ್ಲಿ ಕಳಿಸಿದ ಚೀಟಿ ಅಥವಾ ವಾಟ್ಸ್‌ಆಪ್ ಸಂದೇಶ ಓದು ಬಲ್ಲವರಿಗೆ ಸಾಕು. ಉಳಿದವರಿಗೆ ದೂರವಾಣಿಯ ಎರಡು ಮಾತು ಅಥವಾ ಓಣಿಯ ಸಮಿತಿ ಸದಸ್ಯರ ಬಾಯಿಮಾತಿನ ಕರೆ ಹೆಚ್ಚು ಫಲಕಾರಿ. ವಿಷಯವೇನು, ಎಷ್ಟು ಹೊತ್ತು ಎಂಬುದನ್ನು ಮೊದಲೇ ತಿಳಿಸಬೇಕು. ಮಗುವನ್ನು ಸಾಕುತ್ತಿರುವವರು ಅಜ್ಜ ಅಜ್ಜಿಯರಾದರೆ ಆಹ್ವಾನವೂ ಅವರಿಗೇ ಸಲ್ಲಬೇಕು. ಕನ್ನಡ ಬಾರದ ಪಾಲಕರಿರುವ ನಗರದ ಶಾಲೆಗಳಲ್ಲಿ ಅವರ ಭಾಷೆ ಬಲ್ಲ ಮತ್ತೊಬ್ಬ ಪಾಲಕರ ನೆರವು ಪಡೆಯಬಹುದು.

ಕೂರಿಸುವ ಬಗೆ

ವೇದಿಕೆ, ಹಾರತುರಾಯಿ, ಅತಿಥಿಗಳ ಉದ್ದನೆಯ ಭಾಷಣ ಇದ್ದಲ್ಲಿ ಪಾಲಕರು ಪ್ರೇಕ್ಷಕರಾಗಿಬಿಡುತ್ತಾರೆ. ಶಿಕ್ಷಕರು ಕುರ್ಚಿಯಲ್ಲಿ, ತಾಯಂದಿರು ನೆಲದ ಮೇಲೆ ಎಂಬ ಏರ್ಪಾಟು ಮಾತು ಆರಂಭವಾಗುವ ಮೊದಲೇ ಮೇಲುಕೀಳನ್ನು ಸಾರುತ್ತದೆ. ಜಮಖಾನೆಯಾದರೆ ಎಲ್ಲರಿಗೂ ಜಮಖಾನೆ, ಕುರ್ಚಿಯಾದರೆ ಎಲ್ಲರಿಗೂ ಕುರ್ಚಿ. ಸುತ್ತಲಾಗಿ ಕುಳಿತರೆ ಇನ್ನೂ ಚೆನ್ನ. ಬಾಗಿಲಲ್ಲಿ ಒಬ್ಬರು ನಿಂತು ಬಂದವರನ್ನು ಬಹುವಚನದಲ್ಲಿ ಮಾತನಾಡಿಸಿ ಒಳಗೆ ಕರೆದೊಯ್ಯಬೇಕು. ಕುಡಿಯುವ ನೀರು, ಕಂಕುಳ ಕೂಸಿನೊಂದಿಗೆ ಬಂದ ತಾಯಿಗೆ ನೆರಳಿನ ಜಾಗ ಇರಬೇಕು.

ಒಂದು ಗಂಟೆಯ ಕಾರ್ಯಸೂಚಿ

ಮೊದಲ 10 ನಿಮಿಷ: ಹಿಂದಿನ ಸಭೆಯ ನಿರ್ಣಯಗಳಲ್ಲಿ ಆದದ್ದೇನು, ಆಗದ್ದೇನು ಎಂಬ ವಿವರಣೆ.

ಮುಂದಿನ 15 ನಿಮಿಷ: ತರಗತಿಯಲ್ಲಿ ನಡೆದಿರುವ ಪಾಠ, ಓದು ಮತ್ತು ಲೆಕ್ಕದಲ್ಲಿ ಮಕ್ಕಳ ಸ್ಥಿತಿ, ಮಕ್ಕಳ ಬರಹವನ್ನೇ ತೋರಿಸಿದರೆ ಹೆಚ್ಚು ಮನದಟ್ಟು.

ನಂತರದ 25 ನಿಮಿಷ: ಪಾಲಕರ ಮಾತು. ಹಿಂದಿನ ಸಾಲಿನಿಂದ ಆರಂಭಿಸಿ, ಮಾತಾಡದವರಿಗೆ ಮೊದಲ ಅವಕಾಶ ಕೊಡಬೇಕು.

ಕೊನೆಯ 10 ನಿಮಿಷ: ನಿರ್ಣಯ, ಹೊಣೆ ಹೊರುವವರ ಹೆಸರು, ಗಡುವು, ಮುಂದಿನ ಸಭೆಯ ದಿನ.

ಮಾಡಬಾರದ್ದು

ಅಂಕಗಳನ್ನು ಎಲ್ಲರೆದುರು ಓದಬಾರದು, ಬಾಕಿ ಶುಲ್ಕದವರ ಹೆಸರು ಕೂಗಬಾರದು, ಮಕ್ಕಳನ್ನು ಹೋಲಿಸಬಾರದು. ಒಬ್ಬೊಬ್ಬರೊಡನೆ ಮಾತನಾಡುವಾಗ ಮಗು ಚೆನ್ನಾಗಿ ಮಾಡಿದ ಒಂದು ಸಂಗತಿಯಿಂದ ತೊಡಗಿ, ನಂತರ ತೊಡಕನ್ನು ತಿಳಿಸಿ, ಮನೆಯಲ್ಲಿ ಮಾಡಬಹುದಾದ ಒಂದೇ ಕೆಲಸವನ್ನು ಸೂಚಿಸಬೇಕು. ಅಕ್ಷರ ಬಾರದ ತಾಯಿಯೂ ರಾತ್ರಿ 10 ನಿಮಿಷ ಮಗು ಗಟ್ಟಿಯಾಗಿ ಓದುವುದನ್ನು ಕೇಳಬಲ್ಲಳು.

ನಡಾವಳಿ ಪುಸ್ತಕದ ಖಾಲಿ ಹಾಳೆಗೆ ಸಹಿ ಅಥವಾ ಹೆಬ್ಬೆಟ್ಟು ಪಡೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿ, ನಂತರವೇ ಸಹಿ ಪಡೆಯಬೇಕು. ಅನುದಾನದ ಜಮಾ-ಖರ್ಚನ್ನೂ ಹಾಗೆಯೇ ಓದಿ ಹೇಳಬೇಕು. ಶಿಕ್ಷಕರ ಮೇಲೆ ದೂರು ಬಂದರೆ ವಾದಕ್ಕಿಳಿಯದೆ ಬರೆದುಕೊಂಡು, ಉತ್ತರ ಕೊಡುವ ದಿನವನ್ನು ತಿಳಿಸುವುದು ಲೇಸು.

ಬಾರದವರ ಲೆಕ್ಕ

ದೆಹಲಿ ಸರ್ಕಾರ 2016ರ ಜುಲೈ 30ರಂದು, ಆಂಧ್ರಪ್ರದೇಶ ಸರ್ಕಾರ 2024ರ ಡಿಸೆಂಬರ್ 7ರಂದು ತಮ್ಮ ಶಾಲೆಗಳಲ್ಲಿ ಒಂದೇ ದಿನ ಬೃಹತ್ ಪಾಲಕ-ಶಿಕ್ಷಕ ಸಭೆಗಳನ್ನು ನಡೆಸಿದವು. ಇಂಥ ದಿನಾಚರಣೆಗಳು ಗಮನ ಸೆಳೆಯುತ್ತವೆ. ಆದರೆ ಸಭೆ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಮೊದಲು ನೋಡಬೇಕಾದದ್ದು ಬಾರದವರ ಹೆಸರುಗಳನ್ನು. ಸತತ ಎರಡು ಸಭೆಗೆ ಬಾರದ ಮನೆಗೆ ಶಿಕ್ಷಕರೋ ಸಮಿತಿ ಸದಸ್ಯರೋ ಒಮ್ಮೆ ಹೋಗಿ ಬಂದರೆ ಕಾರಣ ತಿಳಿಯುತ್ತದೆ: ಗುಳೆ ಹೋಗಿರಬಹುದು, ಕಾಯಿಲೆಯಿರಬಹುದು, ಹಿಂದಿನ ಸಭೆಯಲ್ಲಿ ಮನಸ್ಸು ನೊಂದಿರಬಹುದು. ಶಾಲೆ ಬಿಡುವ ಮಗುವಿನ ಸುಳಿವು ಅನೇಕ ವೇಳೆ ಸಿಗುವುದು ಇಂಥ ಮನೆಗಳಲ್ಲೇ. ಅದು ವರ್ಷದ ಕೊನೆಗಲ್ಲ, ಸಕಾಲಕ್ಕೆ ತಿಳಿದರೆ ಮಗು ತರಗತಿಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.