ಸಮವಸ್ತ್ರದಲ್ಲಿ ‘ಸಮ’ ಎಲ್ಲಿದೆ? ಅಣ್ಣನ ಅಂಗಿ, ತಂಗಿಯ ಓಢಣಿ

ಈ ಸಂಚಿಕೆಯ ಖುತ್ಬಾ ಸಾರಾಂಶದಲ್ಲಿ ಮಕ್ಕಳ ನಡುವಿನ ನ್ಯಾಯದ ಮಾತು ಬಂದಿದೆ. ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು, ಅದಕ್ಕೆ ಸಾಕ್ಷಿಯಾಗುವಂತೆ ಪ್ರವಾದಿ(ಸ)ರನ್ನು ಕೇಳಲು ಹೋದ ಪ್ರಸಂಗವದು. ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಪ್ರವಾದಿ(ಸ) ಕೇಳಿದರು. ಇಲ್ಲ ಎಂಬ ಉತ್ತರ ಬಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ನಮ್ಮ ಮನೆಗಳಲ್ಲಿ ಇದನ್ನು ಹೊಲ, ಮನೆ, ಬಂಗಾರ ಹಂಚುವಾಗ ನೆನೆಸುತ್ತೇವೆ. ಜೂನ್ ತಿಂಗಳಲ್ಲಿ ಶಾಲೆಯ ಬಟ್ಟೆ ಹೊಲಿಸುವಾಗ ನೆನೆಸುವವರು ಕಡಿಮೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ರಾಜ್ಯದ ದೊಡ್ಡ ತಕರಾರು ನಡೆದದ್ದು ಆ ಬಟ್ಟೆಯ ಮೇಲೆಯೇ. ಅದರ ಭಾರವನ್ನು ಹೊತ್ತವರು ಹೆಣ್ಣುಮಕ್ಕಳು.

ಮೊದಲು ಒಂದು ಮಾತು. ಸಮವಸ್ತ್ರ ಎಂಬುದು ಕೆಟ್ಟ ಯೋಚನೆಯಲ್ಲ. ಲಂಡನ್ನಿನಲ್ಲಿ 1552ರಲ್ಲಿ ಅನಾಥ, ಬಡ ಮಕ್ಕಳಿಗಾಗಿ ಶುರುವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ನೀಲಿ ನಿಲುವಂಗಿಯನ್ನು ಜಗತ್ತಿನ ಹಳೆಯ ಶಾಲಾ ಸಮವಸ್ತ್ರಗಳಲ್ಲಿ ಒಂದೆಂದು ಹೇಳುತ್ತಾರೆ. ಅದು ಬಡವರಿಗೆ ಕೊಟ್ಟ ಬಟ್ಟೆ. ನಮ್ಮಲ್ಲಿಯೂ ವಿದ್ಯಾವಿಕಾಸ ಯೋಜನೆಯಡಿ ಸರಕಾರಿ ಶಾಲೆಯ ಮಕ್ಕಳಿಗೆ ಬಟ್ಟೆ ಬರುವುದು ಅದೇ ಕಾರಣಕ್ಕೆ. ಜಮೀನ್ದಾರನ ಮಗನೂ ಕೂಲಿಯವನ ಮಗಳೂ ಒಂದೇ ಬೆಂಚಿನ ಮೇಲೆ ಒಂದೇ ಬಣ್ಣದಲ್ಲಿ ಕೂರಬೇಕು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಬಾಲಕನೊಬ್ಬನ ಪರವಾಗಿ 2019ರಲ್ಲಿ ಹೈಕೋರ್ಟಿಗೆ ಹೋದ ಅರ್ಜಿಯೂ ಇದರದ್ದೇ: ಎರಡನೇ ಜೊತೆ ಸಮವಸ್ತ್ರ, ಬೂಟು, ಕಾಲುಚೀಲ ಮಕ್ಕಳಿಗೆ ಸಿಕ್ಕಿಲ್ಲ ಎಂಬ ದೂರು. ಕಡ್ಡಾಯ ಶಿಕ್ಷಣ ಕಾಯ್ದೆಯ ಪ್ರಕಾರ ಅದು ಮಕ್ಕಳ ಹಕ್ಕು, ಕೊಡಲೇಬೇಕು ಎಂದು ನ್ಯಾಯಾಲಯ ಸರಕಾರಕ್ಕೆ ಹೇಳಿತು. ಬಟ್ಟೆ ಇಲ್ಲಿ ಮಗುವನ್ನು ಶಾಲೆಯ ಒಳಗೆ ಕರೆತರುವ ಸಾಧನ. ಅದೇ ಬಟ್ಟೆ ಮಗುವನ್ನು ಹೊರಗೆ ನಿಲ್ಲಿಸುವ ಸಾಧನವಾದದ್ದು ಮೂರೇ ವರ್ಷಗಳಲ್ಲಿ.

ಆದರೆ ಈ ಕಥೆ 2022ರಲ್ಲಿ ಶುರುವಾದದ್ದಲ್ಲ. ಮುಸ್ಲಿಮ್ ಹೆಣ್ಣುಮಕ್ಕಳ ಶಾಲೆಯ ಚರಿತ್ರೆಯನ್ನು ತೆರೆದರೆ ಪ್ರತಿ ಪುಟದಲ್ಲೂ ಬಟ್ಟೆಯ ಜಗಳವೇ. ಅಲಿಗಢದಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 1904ರಲ್ಲಿ ‘ಖಾತೂನ್’ ಎಂಬ ಉರ್ದು ಮಾಸಿಕ ತಂದರು, 1906ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಹುಡುಗರ ಕಾಲೇಜು ಅಲ್ಲಿ 30 ವರ್ಷ ಮೊದಲೇ ಇತ್ತು. ಹುಡುಗರು ಹೇಗೆ ನಡೆದು ಬರಬೇಕು ಎಂದು ಯಾರೂ ಕೇಳಿರಲಿಲ್ಲ. ಹುಡುಗಿಯರ ವಿಷಯದಲ್ಲಿ ಪಾಠಕ್ಕಿಂತ ಮೊದಲು ಡೋಲಿ, ಪರದೆಗಳ ವ್ಯವಸ್ಥೆಯಾಗಬೇಕಾಯಿತು.

ರುಕಯ್ಯಾ ಸಖಾವತ್ ಹುಸೇನ್ ಅವರ ಅನುಭವ ಇನ್ನೂ ಮನಸ್ಸಿಗೆ ತಾಗುವಂಥದ್ದು. ಗಂಡ ತೀರಿಕೊಂಡ ಮೇಲೆ 1909ರಲ್ಲಿ ಭಾಗಲ್ಪುರದಲ್ಲಿ ಬೆರಳೆಣಿಕೆಯ ಹುಡುಗಿಯರೊಂದಿಗೆ ಶಾಲೆ ಶುರು ಮಾಡಿದರು. ಅಲ್ಲಿ ನಡೆಸಲಾಗದೆ 1911ರ ಮಾರ್ಚ್ 16ರಂದು ಕಲಕತ್ತೆಯಲ್ಲಿ 8 ಹುಡುಗಿಯರೊಂದಿಗೆ ಮತ್ತೆ ತೆರೆದರು. ಹುಡುಗಿಯರನ್ನು ಕರೆತರಲು ಬಸ್ಸು ಬೇಕಾಯಿತು. ಮನೆಯವರ ಒತ್ತಾಯಕ್ಕೆ ಅದನ್ನು ಗಾಳಿಯೂ ಆಡದಂತೆ ಮುಚ್ಚಿಸಿದರು. ಮಕ್ಕಳು ಒಳಗೆ ಉಸಿರುಕಟ್ಟಿ ಮೂರ್ಛೆ ಹೋದರು, ವಾಂತಿ ಮಾಡಿಕೊಂಡರು. ತಾಯಂದಿರಿಂದ ದೂರು ಬಂತು. ಕಿಟಕಿ ತೆರೆದು ಪರದೆ ಕಟ್ಟಿಸಿದರೆ ಗಾಳಿಗೆ ಪರದೆ ಹಾರುತ್ತದೆ ಎಂದು ಬೆದರಿಕೆಯ ಪತ್ರಗಳು ಬಂದವು. ಆ ಪತ್ರ ಬರೆದವರು ನಮ್ಮವರೇ. ಇದನ್ನು ನಾವು ಮರೆಯಬಾರದು. ಇಂದು ಓಢಣಿ ತೆಗೆ ಎನ್ನುವವರನ್ನು ಪ್ರಶ್ನಿಸುವ ಹೊತ್ತಿನಲ್ಲಿ, ಅಂದು ಕಿಟಕಿ ಮುಚ್ಚು ಎಂದವರನ್ನೂ ನೆನೆಸಿಕೊಳ್ಳಬೇಕಾಗುತ್ತದೆ. ಎರಡೂ ಕಡೆ ಹುಡುಗಿಯನ್ನು ಯಾರೂ ಕೇಳಲಿಲ್ಲ.

ನಮ್ಮ ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದ್ ನಗರದಲ್ಲಿ 1907ರಲ್ಲೇ ಮಹಬೂಬಿಯಾ ಬಾಲಕಿಯರ ಶಾಲೆ, 1924ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಬಂದವು. ಪರದೆಯ ಏರ್ಪಾಡಿನೊಂದಿಗೇ ಅಮೀರರ ಮಕ್ಕಳು ಓದಿದರು. ಆ ಬೆಳಕು ತುಂಗಭದ್ರೆಯ ದಂಡೆಯ ಹಳ್ಳಿಗಳಿಗೆ ಬರಲೇ ಇಲ್ಲ. ಒಂದು ಶತಮಾನದ ನಂತರದ ಲೆಕ್ಕ ನೋಡಿ: 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 70.47, ಹೆಂಗಸರದ್ದು ಶೇ. 48.73. ನಡುವೆ ಸುಮಾರು 22 ಅಂಶಗಳ ಕಂದಕ. ಹಿರೇಕೊಟ್ನೆಕಲ್‌ನಿಂದ ಮಾನ್ವಿಗೋ ರಾಯಚೂರಿಗೋ ಕಾಲೇಜಿಗೆಂದು ಬಸ್ ಹತ್ತುವ ಹುಡುಗಿ ಈ ಕಂದಕ ದಾಟಿಯೇ ಬಸ್ ಹತ್ತಿರುತ್ತಾಳೆ. ಅವಳ ತಲೆಯ ಮೇಲಿನ ಬಟ್ಟೆ ಬಹಳ ಸಲ ಆ ದಾಟುವಿಕೆಗೆ ಮನೆಯವರು ಕೊಟ್ಟ, ಇಲ್ಲವೇ ಅವಳೇ ಪಡೆದುಕೊಂಡ, ಅನುಮತಿಚೀಟಿ. ಇದನ್ನು ಧಾರ್ಮಿಕ ಕರ್ತವ್ಯವೆಂದು ನಂಬಿ ಧರಿಸುವವರು ಇದ್ದಾರೆ, ರೂಢಿಯೆಂದು ಧರಿಸುವವರೂ ಇದ್ದಾರೆ. ಗೇಟಿನ ಬಳಿ ನಿಂತವನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

2021ರ ಡಿಸೆಂಬರಿನಲ್ಲಿ ಎರಡು ಘಟನೆಗಳು ಎರಡೇ ವಾರದ ಅಂತರದಲ್ಲಿ ನಡೆದವು. ಡಿಸೆಂಬರ್ 15ರಂದು ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿ ಸರಕಾರಿ ಬಾಲಕಿಯರ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಷರಟು ಪ್ಯಾಂಟಿನ ಹೊಸ ಸಮವಸ್ತ್ರ ಜಾರಿಗೆ ಬಂತು. ಹುಡುಗ ಹುಡುಗಿ ಇಬ್ಬರಿಗೂ ಒಂದೇ ಉಡುಪು ಎಂಬ ವಿಚಾರದ ಮೊದಲ ಹೆಜ್ಜೆ ಇನ್ನೂ ಹಿಂದಿನದು: ಎರ್ನಾಕುಳಂ ಜಿಲ್ಲೆಯ ವಳಯಂಚಿರಂಗರ ಸರಕಾರಿ ಎಲ್‌ಪಿ ಶಾಲೆ 2018ರಲ್ಲೇ ಎಲ್ಲ ಮಕ್ಕಳಿಗೂ ಮುಕ್ಕಾಲು ಚಡ್ಡಿ ಮತ್ತು ಷರಟು ತಂದಿತ್ತು. ಲಂಗ ತೊಟ್ಟ ಹುಡುಗಿಯರು ಓಡಲು, ಆಡಲು ಹಿಂಜರಿಯುತ್ತಾರೆ ಎಂಬುದು ಅಲ್ಲಿನ ಶಿಕ್ಷಕಿಯರ ಕಾರಣ. ಸರಿಯಾದ ಕಾರಣವೇ. ಬಾಲುಶ್ಶೇರಿಯಲ್ಲಿ ಮಾತ್ರ ಕೆಲವು ಮುಸ್ಲಿಮ್ ಸಂಘಟನೆಗಳು ಪ್ರತಿಭಟನೆ ಮಾಡಿದವು. ಬೇಕಾದವರು ತುಂಬು ತೋಳು, ಶಿರವಸ್ತ್ರ ಧರಿಸಬಹುದೆಂದು ಶಾಲೆ ಹೇಳಿದ್ದರೂ ತಕರಾರು ನಿಲ್ಲಲಿಲ್ಲ. ಗಂಡಿನ ಉಡುಪೇ ಎಲ್ಲರಿಗೂ ಅಳತೆಗೋಲೇಕೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಆಯ್ಕೆ ಇದ್ದ ಕಡೆಯೂ ಬೇಡ ಎಂದು ಕೂಗಿದವರು, ಮುಂದಿನ ತಿಂಗಳು ಉಡುಪಿಯ ವಿಷಯದಲ್ಲಿ ಆಯ್ಕೆಯ ಹಕ್ಕಿನ ಮಾತಾಡುವಾಗ ದನಿ ಸ್ವಲ್ಪ ತೊದಲಿರಬೇಕು.

ಉಡುಪಿಯ ಕಥೆ ನಿಮಗೆಲ್ಲ ಗೊತ್ತು. ಅಲ್ಲಿನ ಸರಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ ಶಿರವಸ್ತ್ರ ಧರಿಸಿ ಬಂದ ಆರು ವಿದ್ಯಾರ್ಥಿನಿಯರನ್ನು ತರಗತಿಗೆ ಬಿಡಲಿಲ್ಲ. ಅದು ಹುಡುಗರೇ ಇಲ್ಲದ ಕಾಲೇಜು ಎಂಬುದನ್ನು ಗಮನಿಸಬೇಕು. 2022ರ ಫೆಬ್ರವರಿ ಮೊದಲ ವಾರದಲ್ಲಿ ಕುಂದಾಪುರದಲ್ಲಿ ಕಾಲೇಜಿನ ಗೇಟನ್ನೇ ಹುಡುಗಿಯರ ಮುಖಕ್ಕೆ ಮುಚ್ಚಿದರು. ಹಲವು ಕಡೆ ಹುಡುಗರು ಕೇಸರಿ ಶಾಲು ಹೊದ್ದು ಬಂದರು. ಫೆಬ್ರವರಿ 5ರಂದು ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಕಲಂ 133(2)ರ ಅಡಿ ಸರಕಾರ ಆದೇಶ ಹೊರಡಿಸಿತು. ಸರಕಾರಿ ಶಾಲೆಗಳಲ್ಲಿ ಸರಕಾರ ಹೇಳಿದ ಸಮವಸ್ತ್ರ, ಖಾಸಗಿ ಶಾಲೆಯಲ್ಲಿ ಆಡಳಿತ ಮಂಡಳಿ ಹೇಳಿದ್ದು, ಪಿಯು ಕಾಲೇಜಿನಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಹೇಳಿದ್ದು. ಸಮವಸ್ತ್ರ ಇಲ್ಲದ ಕಡೆ ಸಮಾನತೆ, ಏಕತೆ, ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತಾರದ ಉಡುಪು. ಫೆಬ್ರವರಿ 10ರಂದು ಹೈಕೋರ್ಟಿನ ಮಧ್ಯಂತರ ಆದೇಶ ಶಾಲು, ಸ್ಕಾರ್ಫ್, ಹಿಜಾಬ್, ಧಾರ್ಮಿಕ ಧ್ವಜ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟಿತು.

ಕಾಗದದ ಮೇಲೆ ಇದು ಸಮಾನ. ಹುಡುಗನಿಗೆ ಶಾಲು ಬೇಡ, ಹುಡುಗಿಗೆ ಹಿಜಾಬ್ ಬೇಡ. ಆದರೆ ಒಂದು ಆ ವಾರ ಹೆಗಲಿಗೆ ಬಂದ ಬಟ್ಟೆ, ಬ್ಯಾಗಿಗೆ ಹಾಕಿದರೆ ಮುಗಿಯಿತು, ಹುಡುಗ ಬೆಂಚಿನ ಮೇಲೆ ಕುಳಿತ. ಇನ್ನೊಂದು ಚಿಕ್ಕಂದಿನಿಂದ ಮೈಮೇಲಿರುವ ಉಡುಪು. ಅದನ್ನು ಗೇಟಿನ ಬಳಿ, ಹತ್ತು ಮಂದಿಯ ಮುಂದೆ, ಕ್ಯಾಮೆರಾಗಳ ಎದುರು ತೆಗೆಯಬೇಕು. ನಿಯಮ ಒಂದೇ ಆದರೂ ಬೆಲೆ ಒಂದೇ ಆಗಲಿಲ್ಲ. ನಮ್ಮದೇ ಮನೆಗಳನ್ನು ನೋಡಿ: ಆ ಫೆಬ್ರವರಿಯಲ್ಲಿ ಅಣ್ಣ ಎಂದಿನಂತೆ ಕಾಲೇಜಿಗೆ ಹೋದ, ತಂಗಿ ಮನೆಯಲ್ಲಿ ಕುಳಿತಳು. ಇಬ್ಬರ ದೀನ್ ಒಂದೇ, ಮನೆ ಒಂದೇ. ಬೆಂಗಳೂರಿನ ಕಾಲೇಜೊಂದರಲ್ಲಿ ಪಗಡಿ ಕಟ್ಟಿದ ಸಿಖ್ ವಿದ್ಯಾರ್ಥಿನಿಗೂ ಅದನ್ನು ತೆಗೆಯಲು ಹೇಳಿದ ಸುದ್ದಿ ಅದೇ ತಿಂಗಳು ಬಂತು. ಅವಳೂ ಹುಡುಗಿಯೇ.

11 ದಿನ ವಾದ ಕೇಳಿ, 2022ರ ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ದೀಕ್ಷಿತ್ ಮತ್ತು ಜೆ.ಎಂ. ಖಾಜಿ ಅವರ ಪೀಠ ತೀರ್ಪಿತ್ತಿತು: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರ ಸಮಂಜಸವಾದ ನಿರ್ಬಂಧ. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಮವಸ್ತ್ರದ ಬಣ್ಣದ ಸ್ಕಾರ್ಫಿಗೆ ಅವಕಾಶವಿದೆಯಲ್ಲ ಎಂಬ ವಾದ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಮೂಗುತಿ ಇಟ್ಟ ಹಿಂದೂ ವಿದ್ಯಾರ್ಥಿನಿಯ ಪರ ಅಲ್ಲಿನ ಸಂವಿಧಾನ ಪೀಠ 2007ರಲ್ಲಿ ಕೊಟ್ಟ ತೀರ್ಪನ್ನೂ ವಕೀಲರು ಮುಂದಿಟ್ಟರು. ಮೂಗುತಿ ಸಣ್ಣದು, ಅದರಿಂದ ಏಕರೂಪತೆ ಕೆಡುವುದಿಲ್ಲ ಎಂದು ನಮ್ಮ ನ್ಯಾಯಾಲಯ ಆ ಹೋಲಿಕೆಯನ್ನು ಬದಿಗಿಟ್ಟಿತು. ಅಳತೆ ಚಿಕ್ಕದಾದರೆ ಹಕ್ಕು, ದೊಡ್ಡದಾದರೆ ಅಲ್ಲ ಎಂಬ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ತೀರ್ಪಿಗೆ ಐದು ದಿನ ಮೊದಲು, ಮಾರ್ಚ್ 10ರಂದು, ಬೆಳಗಾವಿಯಲ್ಲಿ ವಿಟಿಯು ಘಟಿಕೋತ್ಸವ ನಡೆದಿತ್ತು. ನಮ್ಮ ರಾಯಚೂರಿನ ಎಸ್‌ಎಲ್‌ಎನ್ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ವಿದ್ಯಾರ್ಥಿನಿಯೊಬ್ಬಳು 16 ಚಿನ್ನದ ಪದಕ ಪಡೆದಳು. ತಲೆಯ ಮೇಲೆ ಹಿಜಾಬ್ ಇತ್ತು. ಪದಕಗಳಿಗೆ ಅದು ಅಡ್ಡ ಬಂದಿರಲಿಲ್ಲ.

ಸುಪ್ರೀಂ ಕೋರ್ಟಿನಲ್ಲಿ 2022ರ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಯಿತು. ಹೇಮಂತ್ ಗುಪ್ತಾ ಅವರು ಮೇಲ್ಮನವಿ ತಳ್ಳಿಹಾಕಿದರು. ಸುಧಾಂಶು ಧುಲಿಯಾ ಅವರು ಎತ್ತಿಹಿಡಿದರು. ಧುಲಿಯಾ ಅವರ ತೀರ್ಪು ಅತ್ಯಗತ್ಯ ಆಚರಣೆಯೇ ಅಲ್ಲವೇ ಎಂಬ ಜಿಜ್ಞಾಸೆಗೆ ಹೋಗಲಿಲ್ಲ. ಶಾಲೆಗೆ ಹೋಗುವ ಮೊದಲು ಮನೆಗೆಲಸ ಮಾಡಿ, ಅಣ್ಣತಮ್ಮಂದಿರಿಗಿಂತ ಹಲವು ಪಟ್ಟು ಕಷ್ಟಪಟ್ಟು ಬರುವ ಹೆಣ್ಣುಮಗುವನ್ನು ಗೇಟಿನಲ್ಲಿ ತಡೆದರೆ ಅವಳ ಬದುಕು ಹಸನಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ರಾಷ್ಟ್ರಗೀತೆ ಹಾಡದ ಕಾರಣ ಶಾಲೆಯಿಂದ ಹೊರಹಾಕಿದ ಕೇರಳದ ಮಕ್ಕಳ ಪರ 1986ರಲ್ಲಿ ಬಂದ ಬಿಜೋ ಇಮ್ಯಾನುಯೆಲ್ ತೀರ್ಪನ್ನು ಅವರು ಆಧಾರವಾಗಿ ಹಿಡಿದರು. ವಿಷಯ ವಿಸ್ತೃತ ಪೀಠಕ್ಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. 2023ರ ಡಿಸೆಂಬರ್ 22ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆದೇಶ ವಾಪಸು ಪಡೆಯುವ ಮಾತಾಡಿ, ಮರುದಿನ ಇನ್ನೂ ಯೋಚಿಸುತ್ತಿದ್ದೇವೆ ಎಂದರು.

ಇಂಗ್ಲೆಂಡಿನ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. 1983ರಲ್ಲಿ ಪಗಡಿ ಕಟ್ಟಿದ ಸಿಖ್ ಹುಡುಗನನ್ನು ಸೇರಿಸಿಕೊಳ್ಳದ ಬರ್ಮಿಂಗ್‌ಹ್ಯಾಮ್‌ನ ಶಾಲೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತಿತು. 2006ರಲ್ಲಿ ಲೂಟನ್‌ನ ಶಾಲೆಗೆ ಜಿಲ್ಬಾಬ್ ತೊಟ್ಟು ಬಂದ ಮುಸ್ಲಿಮ್ ಹುಡುಗಿ ಅದೇ ಪೀಠದ ಮುಂದೆ ಸೋತಳು. ಹುಡುಗನಿಗೊಂದು ನ್ಯಾಯ, ಹುಡುಗಿಗೊಂದು ಎಂದು ಥಟ್ಟನೆ ಹೇಳಿಬಿಡಬಹುದು. ಹಾಗೆ ಹೇಳುವುದು ಪೂರ್ತಿ ಪ್ರಾಮಾಣಿಕವಲ್ಲ. ಲೂಟನ್‌ನ ಶಾಲೆ ಮಸೀದಿಗಳನ್ನೂ ಪೋಷಕರನ್ನೂ ಕೇಳಿ, ಸಲ್ವಾರ್ ಕಮೀಜ್ ಮತ್ತು ಶಿರವಸ್ತ್ರಕ್ಕೆ ಮೊದಲೇ ಜಾಗ ಕೊಟ್ಟಿತ್ತು. ಆದರೂ ಆ ಹುಡುಗಿಯ ಸುಮಾರು ಎರಡು ವರ್ಷದ ಓದು ಹೋಯಿತು ಎಂಬುದೂ ನಿಜ. ಇನ್ನು ಅಮೆರಿಕದ ಉತ್ತರ ಕೆರೊಲಿನಾದ ಶಾಲೆಯೊಂದು ಹುಡುಗಿಯರು ಲಂಗವನ್ನೇ ತೊಡಬೇಕು, ಪ್ಯಾಂಟು ಕೂಡದು ಎಂದಿತ್ತು. ಹೆಣ್ಣು ಸೂಕ್ಷ್ಮ ಪಾತ್ರೆ, ಗಂಡಸರು ಜೋಪಾನ ಮಾಡಬೇಕು ಎಂಬುದು ಆ ಶಾಲೆಯ ಸ್ಥಾಪಕರ ಸಮರ್ಥನೆ. 2022ರ ಜೂನ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ಸಂವಿಧಾನಬಾಹಿರ ಎಂದಿತು. ಒಂದು ಕಡೆ ಮುಚ್ಚಬೇಡ, ಇನ್ನೊಂದು ಕಡೆ ಕಾಲು ಮುಚ್ಚಬೇಡ, ಮತ್ತೊಂದು ಕಡೆ ಇಷ್ಟೇ ಮುಚ್ಚು. ಹುಡುಗರ ಪ್ಯಾಂಟಿನ ಬಗ್ಗೆ ಇಷ್ಟು ತೀರ್ಪುಗಳಿಲ್ಲ.

ಕುರ್‌ಆನಿನ ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬರುವುದು 30ನೇ ಆಯತ್ತಿನಲ್ಲಿ, ಅದೂ ಗಂಡಸರಿಗೆ. ಹೆಂಗಸರ ಉಡುಪಿನ ಮಾತು ಬರುವುದು 31ನೆಯದರಲ್ಲಿ. ನಮ್ಮ ಬಯಾನ್‌ಗಳಲ್ಲಿ 31ನ್ನು ಕೇಳಿದಷ್ಟು ಸಲ 30ನ್ನು ಕೇಳಿದ್ದೇವೆಯೇ? ಮಗನ ಬಿಗಿ ಪ್ಯಾಂಟು, ಮೊಬೈಲು, ಬಸ್‌ಸ್ಟ್ಯಾಂಡಿನ ನಡವಳಿಕೆಯ ಬಗ್ಗೆ ಮಸೀದಿ ಕಮಿಟಿಗೆ ದೂರು ಬಂದದ್ದು ನನಗೆ ನೆನಪಿಲ್ಲ. ಮಗಳ ದುಪಟ್ಟಾದ ಬಗ್ಗೆ ಬರುತ್ತದೆ. ಕೋರ್ಟಿನ ತೀರ್ಪು ಬಂದ ಮೇಲೆ ‘ಹಾಗಾದರೆ ಮನೆಯಲ್ಲೇ ಇರಲಿ, ಹುಡುಗ ನೋಡೋಣ’ ಎಂದ ತಂದೆಯರು ನಮ್ಮ ನಡುವೆಯೇ ಇದ್ದಾರೆ. ಗೇಟು ಮುಚ್ಚಿದ ಕೈ ಒಂದಾದರೆ, ಅದಕ್ಕೆ ಒಳಗಿನಿಂದ ಅಗುಳಿ ಹಾಕಿದ್ದು ಇವರು. ಪ್ರವಾದಿ(ಸ)ರ ಬಳಿ ಹೆಂಗಸರು ಹೋಗಿ ಕಲಿಯಲು ತಮಗೇ ಒಂದು ದಿನ ಬೇಕೆಂದು ಕೇಳಿದಾಗ ಅವರು ದಿನ ಗೊತ್ತುಪಡಿಸಿದರು, ಮನೆಗೆ ಹೋಗಿ ಎನ್ನಲಿಲ್ಲ.

ಪಿಯುಸಿಎಲ್ ಕರ್ನಾಟಕ ತೀರ್ಪಿನ ನಂತರ ವಿದ್ಯಾರ್ಥಿನಿಯರನ್ನು ಮಾತಾಡಿಸಿ ವರದಿ ಮಾಡಿತು. ಅವರು ಹೋದ ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಪರೀಕ್ಷೆ ತಪ್ಪಿದವರು, ಕಾಲೇಜು ಬದಲಿಸಿದವರು, ಓದು ಬಿಟ್ಟವರು, ಹಿಜಾಬ್ ತೆಗೆದು ಕುಳಿತು ಒಳಗೇ ಕುಗ್ಗಿದವರು, ಎಲ್ಲ ಬಗೆಯವರೂ ಅದರಲ್ಲಿದ್ದಾರೆ. ತೆಗೆದು ಕುಳಿತವರನ್ನು ನಮ್ಮಲ್ಲಿ ಕೆಲವರು ಹೀಯಾಳಿಸಿದರು. ಅದು ದೊಡ್ಡ ತಪ್ಪು. ಪರೀಕ್ಷೆ ಬರೆಯಲು 17ರ ಹುಡುಗಿ ಒಬ್ಬಳೇ ತೆಗೆದುಕೊಂಡ ನಿರ್ಧಾರಕ್ಕೆ, ಅಂಗಡಿ ಕಟ್ಟೆಯಲ್ಲಿ ಕುಳಿತವರ ಫತ್ವಾ ಬೇಕಿರಲಿಲ್ಲ.

ಇನ್ನು ನಮ್ಮ ಕೈಯಲ್ಲಿ ಏನಿದೆ ಎಂದರೆ, ಕಾನೂನಿನ ಮೂಲೆಯಲ್ಲಿ ಒಂದು ಸಣ್ಣ ಜಾಗ ಇದೆ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯ 11ನೇ ನಿಯಮದ ಪ್ರಕಾರ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸಬೇಕೆಂದರೆ ಪೋಷಕರಿಗೆ 12 ತಿಂಗಳು ಮೊದಲು ತಿಳಿಸಬೇಕು. ಕಡ್ಡಾಯ ಶಿಕ್ಷಣ ಕಾಯ್ದೆಯ ಪ್ರಕಾರ ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಎಸ್‌ಡಿಎಂಸಿ ಸಭೆಗೆ ನಮ್ಮ ಓಣಿಯಿಂದ ಹೋಗುವವರು ಯಾರು ಎಂದು ಈ ಜುಮಾ ಮುಗಿದ ಮೇಲೆ ಕೇಳಿ ನೋಡಿ. ತಾಯಿಯ ಹೆಸರು ಪಟ್ಟಿಯಲ್ಲಿರುತ್ತದೆ, ಸಹಿ ಮಾಡಲು ತಂದೆ ಹೋಗಿರುತ್ತಾನೆ. ಮಗಳಿಗೆ ಲಂಗ ಬೇಕೋ ಚೂಡಿದಾರ್ ಬೇಕೋ, ಬಟ್ಟೆಯ ಜೊತೆ ಅದೇ ಬಣ್ಣದ ಓಢಣಿ ಇರಬೇಕೋ, ಆಟದ ದಿನ ಅವಳು ಏನು ತೊಡಬೇಕು ಎಂಬ ಮಾತು ಆ ಸಭೆಯಲ್ಲಿ ಎದ್ದದ್ದೇ ಇಲ್ಲ.